ಮಲೆನಾಡಿನ ಮಳೆಗಾಲಕ್ಕೆ ಫೊರ್ಜೇಯೊ: ಕೋಣೆಯ ಮೂಲೆಯಲ್ಲಿಟ್ಟ ಗಿಟ್ ಸರ್ವರ್ ಹೇಗಿದೆ?

ಪುನರ್ವಸು ಮಳೆ ಹಿಡಿದುಕೊಂಡಿತೆಂದರೆ ಮೂಡಿಗೆರೆ ದಾರಿಯಲ್ಲೋ ಮಲ್ಲಂದೂರು ದಾರಿಯಲ್ಲೋ ಒಂದು ಸಿಲ್ವರ್ ಓಕ್ ತಂತಿಯ ಮೇಲೆ ಒರಗುತ್ತದೆ. ಕರೆಂಟು ಹೋಗುತ್ತದೆ, ಅದೇ ಕಂಬಕ್ಕೆ ಕಟ್ಟಿದ ಫೈಬರೂ ಹೋಗುತ್ತದೆ. ಆಗ ಚಿಕ್ಕಮಗಳೂರಿನ ಮಹಡಿ ಕೋಣೆಯೊಂದರಲ್ಲಿ ಎದುರುಬದುರು ಕೂತ ಇಬ್ಬರು ಪ್ರೋಗ್ರಾಮರ್‌ಗಳು, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದ್ದೂ, ಒಬ್ಬರ ಕೋಡ್ ಇನ್ನೊಬ್ಬರಿಗೆ ಕೊಡಲಾಗದೆ ಕಾಫಿ ಕುಡಿಯುತ್ತ ಕೂರುತ್ತಾರೆ. ಮೇಜಿನಿಂದ ಮೇಜಿಗೆ ನಾಲ್ಕಡಿ. ಕೋಡ್ ಮಾತ್ರ ಕಡಲಾಚೆ ಹೋಗಿ ಬರಬೇಕು.

ಕೋಡಿನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್‌ನ ರಚನೆಯೇ ಈ ಅವಲಂಬನೆ ಬೇಡ ಎನ್ನುವಂಥದ್ದು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದಾಗ ಪ್ರತಿಯೊಬ್ಬರ ಬಳಿಯೂ ಪೂರ್ತಿ ಇತಿಹಾಸ ಇರಲಿ ಎಂಬುದೇ ಲೆಕ್ಕ. ಆಮೇಲೆ ಇಶ್ಯೂ (ದೋಷ-ಬೇಡಿಕೆಗಳ ಪಟ್ಟಿ), ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ), ವಿಕಿ ಎಲ್ಲವೂ ದೂರದ ಒಂದು ಜಾಲತಾಣಕ್ಕೆ ಅಂಟಿಕೊಂಡವು. ಅವನ್ನೆಲ್ಲ ನಿಮ್ಮ ಕೋಣೆಯ ಪುಟ್ಟ ಯಂತ್ರಕ್ಕೆ ವಾಪಸು ತಂದುಕೊಡುವ ಸಾಫ್ಟ್‌ವೇರ್ ಫೊರ್ಜೇಯೊ. ಹೆಸರು ಎಸ್ಪರಾಂತೊ ಭಾಷೆಯದು, ಅರ್ಥ ಕುಲುಮೆ. ಗೊ ಭಾಷೆಯಲ್ಲಿ ಬರೆದ ಗಾಗ್ಸ್ ಎಂಬ ಇಂಥದ್ದೇ ಸಾಫ್ಟ್‌ವೇರ್‌ನಿಂದ 2016ರಲ್ಲಿ ಗಿಟೀ ಕವಲೊಡೆಯಿತು. 2022ರಲ್ಲಿ ಗಿಟೀಯ ಹೆಸರು, ಡೊಮೇನ್ ಲಾಭದ ಕಂಪನಿಯೊಂದಕ್ಕೆ ಸೇರಿದಾಗ ಬರ್ಲಿನ್‌ನ ಕೋಡ್‌ಬರ್ಗ್ ಸಂಘದ ನೆರಳಿನಲ್ಲಿ ಫೊರ್ಜೇಯೊ ಶುರುವಾಯಿತು. 2024ರಿಂದ ಎರಡರ ದಾರಿ ಪೂರ್ತಿ ಬೇರೆ. 9ನೇ ಆವೃತ್ತಿಯಿಂದ ಪರವಾನಗಿ ಜಿಪಿಎಲ್ 3.

ಒಂದು ಮಾತು ಮೊದಲೇ. ನೀವು ಒಬ್ಬರೇ ಕೋಡ್ ಬರೆಯುವವರಾದರೆ ಇದು ಬೇಡ. ಇನ್ನೊಂದು ಯಂತ್ರದಲ್ಲಿ ‘ಗಿಟ್ ಇನಿಟ್ --ಬೇರ್’ ಮಾಡಿ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ದಾರಿಯಲ್ಲಿ ಪುಷ್ ಮಾಡಿದರೆ, ಅಂದರೆ ನಿಮ್ಮ ಬದಲಾವಣೆ ಅಲ್ಲಿಗೆ ಕಳಿಸಿದರೆ ಸಾಕು. ನೋಡಿಕೊಳ್ಳಬೇಕಾದ ಡೇಟಾಬೇಸ್ ಇಲ್ಲ, ಏರಿಸಬೇಕಾದ ಆವೃತ್ತಿ ಇಲ್ಲ. ಫೊರ್ಜೇಯೊ ತನ್ನ ಅನ್ನ ದುಡಿದುಕೊಳ್ಳುವುದು ಮೂವರಿಂದ ಇಪ್ಪತ್ತು ಜನರ ಗುಂಪಿನಲ್ಲಿ: ತೋಟದ ಚೆಕ್‌ರೋಲ್, ಕ್ಯೂರಿಂಗ್ ವರ್ಕ್ಸಿನ ತೂಕ-ಔಟ್‌ಟರ್ನ್ ಲೆಕ್ಕದಂಥ ಸಾಫ್ಟ್‌ವೇರ್ ಬರೆಯುವ ಸಣ್ಣ ಕಚೇರಿಗಳು, ಕಡೇ ವರ್ಷದ ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ತಂಡಗಳು. ಗಿಟ್‌ಲ್ಯಾಬ್ ಇನ್ನೂ ದೊಡ್ಡ ಸಾಮಾನು; ಅದಕ್ಕೆ ಹಲವು ಜಿಬಿ ರ್‍ಯಾಮ್ ಬೇಕು. ಇಷ್ಟು ಜನಕ್ಕೆ ಮದುವೆ ಮನೆಯ ಹಂಡೆಯಲ್ಲಿ ಕಾಫಿ ಕಾಸಿದ ಹಾಗಾಗುತ್ತದೆ.

ಯಂತ್ರದ ವಿಚಾರ. ಫೊರ್ಜೇಯೊ ಒಂದೇ ಬೈನರಿ ಫೈಲು, ಸುಮಾರು ನೂರು ಎಂಬಿ. ಸಣ್ಣ ಗುಂಪಿಗೆ 1 ಜಿಬಿ ರ್‍ಯಾಮ್ ಸಾಕು, 2 ಇದ್ದರೆ ಆರಾಮ. 4 ಜಿಬಿಯ ರಾಸ್‌ಬೆರಿ ಪೈ 4 ಧಾರಾಳ. ಹಳೆಯ ಡೆಸ್ಕ್‌ಟಾಪೂ ಆಗುತ್ತದೆ, ಆದರೆ ಕರೆಂಟ್ ಬಿಲ್ ಲೆಕ್ಕ ಹಾಕಿ: 5 ವ್ಯಾಟಿನ ಪೈ ದಿನವಿಡೀ ಓಡಿದರೆ ತಿಂಗಳಿಗೆ 3.6 ಯೂನಿಟ್, 50 ವ್ಯಾಟಿನ ಡೆಸ್ಕ್‌ಟಾಪ್ 36 ಯೂನಿಟ್. ಪೈ ತೆಗೆದುಕೊಂಡರೆ ಎಸ್‌ಡಿ ಕಾರ್ಡಿನಲ್ಲಿ ಡೇಟಾ ಇಡಬೇಡಿ. ಡೇಟಾಬೇಸಿನ ಚಿಕ್ಕ ಚಿಕ್ಕ ಬರಹಗಳಿಗೆ ಕಾರ್ಡ್ ಬೇಗ ಸವೆಯುತ್ತದೆ, ಬರೆಯುವ ಹೊತ್ತಿಗೆ ಕರೆಂಟು ಹೋದರೆ ಫೈಲ್ ಸಿಸ್ಟಮ್ಮೇ ಕೆಡುತ್ತದೆ. ಯುಎಸ್‌ಬಿ 3ಕ್ಕೆ ಎಸ್‌ಎಸ್‌ಡಿ ಹಾಕಿ; ಪೈ 4ರಲ್ಲಿ ಅದು ನೀಲಿ ಪೋರ್ಟ್.

ಯುಪಿಎಸ್ ಇಲ್ಲದೆ ಇಲ್ಲಿ ಮುಂದುವರಿಯಬಾರದು. ಅಂಗಡಿಯ ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ ಇರುವುದು 12 ವೋಲ್ಟ್, 7 ಆಂಪಿಯರ್-ಗಂಟೆ ಬ್ಯಾಟರಿ, ಅಂದರೆ 84 ವ್ಯಾಟ್-ಗಂಟೆ. ಅರ್ಧ ನಷ್ಟವಾಯಿತು ಅಂದುಕೊಂಡರೂ ಪೈ, ಎಸ್‌ಎಸ್‌ಡಿ, ರೂಟರ್ ಸೇರಿ 15 ವ್ಯಾಟ್ ಭಾರಕ್ಕೆ ಎರಡೂವರೆ ಗಂಟೆ ಬರಬೇಕು. ಬ್ಯಾಟರಿ ಹಳತಾದರೆ ಈ ಲೆಕ್ಕ ಮರೆತುಬಿಡಿ. ಕೊಳ್ಳುವಾಗ ಹಿಂಬದಿಯಲ್ಲಿ ಯುಎಸ್‌ಬಿ ಡೇಟಾ ಪೋರ್ಟ್ ಇದೆಯೇ ನೋಡಿ. ಅದಿಲ್ಲದ ಯುಪಿಎಸ್ ಬ್ಯಾಟರಿ ಮುಗಿಯುತ್ತಿದೆ ಎಂದು ಯಂತ್ರಕ್ಕೆ ಹೇಳಲಾರದು. ಇದ್ದರೆ ‘ನಟ್’ ಎಂಬ ತೆರೆದ ತಂತ್ರಾಂಶ ಆ ಸುದ್ದಿ ಕೇಳಿ ಸರ್ವರನ್ನು ಕ್ರಮವಾಗಿ ಮುಚ್ಚುತ್ತದೆ. ಭರಣಿ, ಕೃತ್ತಿಕೆ ಮಳೆಯ ಸಿಡಿಲಿಗೆ ಬೇರೆ ಎಚ್ಚರ ಬೇಕು. ಹಳೆಯ ತಾಮ್ರದ ಟೆಲಿಫೋನ್ ತಂತಿಯಲ್ಲಿ ಬಂದ ಏಟು ಮೋಡೆಮ್ ದಾಟಿ ಲ್ಯಾನ್ ಕೇಬಲ್ ಹಿಡಿದು ಸರ್ವರ್ ತನಕ ಬರಬಲ್ಲದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಅಡಾಪ್ಟರ್ ಇನ್ನೂ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ. ಅರ್ಥಿಂಗ್ ಸರಿಯಿಲ್ಲದ ಕಟ್ಟಡವಾದರೆ ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಸ್ಥಾಪನೆ ಅರ್ಧ ಗಂಟೆಯ ಕೆಲಸ. ಡೆಬಿಯನ್ 12 ಹಾಕಿ, ‘ಗಿಟ್’ ಹೆಸರಿನ ಬಳಕೆದಾರನನ್ನು ಮಾಡಿ, ಬೈನರಿ ಇಳಿಸಿ, ಡೇಟಾಕ್ಕೊಂದು, ಸಂರಚನೆಗೊಂದು ಫೋಲ್ಡರ್ ಮಾಡಿ, ಸಿಸ್ಟಮ್‌ಡಿ ಸೇವೆ ಏಳಿಸಿ, ಬ್ರೌಸರ್‌ನಲ್ಲಿ 3000ನೇ ಪೋರ್ಟ್ ತೆರೆಯಿರಿ. ಡೇಟಾಬೇಸ್ ಎಸ್‌ಕ್ಯೂಲೈಟ್ ಸಾಕು. ಅದರಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಲು ಸಾಧ್ಯ. ಇಪ್ಪತ್ತು ಜನಕ್ಕೆ ತೊಂದರೆಯಿಲ್ಲ, ಆದರೆ ಲಾಗ್‌ನಲ್ಲಿ ‘ಡೇಟಾಬೇಸ್ ಈಸ್ ಲಾಕ್ಡ್’ ಎಂದು ಪದೇ ಪದೇ ಕಂಡರೆ ಪೋಸ್ಟ್‌ಗ್ರೆಸ್‌ಗೆ ಹೋಗುವ ಕಾಲ ಬಂತು ಎಂದರ್ಥ.

ಎಡವುವುದು ಮೂರು ಕಡೆ. (ಸಂರಚನೆಯ ಪದಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದೆ, ಟೈಪ್ ಮಾಡುವಾಗ ವಿಭಾಗದ ಹೆಸರು, ಚುಕ್ಕೆ ಇರುವ ಪದ, ಆಜ್ಞೆಗಳಿಗೆ ಸಣ್ಣಕ್ಷರ, ಉಳಿದವಕ್ಕೆ ಇಂಗ್ಲಿಷ್ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್.) ಮೊದಲನೆಯದು ‘ರೂಟ್ ಯುಆರ್‌ಎಲ್’. ಅದು ಲೋಕಲ್‌ಹೋಸ್ಟ್ ಎಂದೇ ಉಳಿದರೆ ಪುಟದಲ್ಲಿ ಕಾಣುವ ಕ್ಲೋನ್ (ಪೂರ್ತಿ ನಕಲು ಇಳಿಸಿಕೊಳ್ಳುವ) ವಿಳಾಸವೆಲ್ಲ ಸುಳ್ಳು. ರೂಟರ್‌ನಲ್ಲಿ ಸರ್ವರಿಗೆ ಖಾಯಂ ಐಪಿ ಕೊಟ್ಟು ಅದನ್ನೇ ಬರೆಯಿರಿ. ಎರಡನೆಯದು, ಸ್ಥಾಪನೆಯಲ್ಲಿ ನಿರ್ವಾಹಕ ಖಾತೆ ಮಾಡದಿದ್ದರೆ ಮೊದಲು ನೋಂದಾಯಿಸಿದವರೇ ನಿರ್ವಾಹಕರು. ಹಾಸ್ಟೆಲ್ ವೈಫೈನಲ್ಲಿ ಇದು ತಮಾಷೆಯಲ್ಲ. ಖಾತೆ ಮಾಡಿದ ತಕ್ಷಣ ‘ಡಿಸೇಬಲ್ ರಿಜಿಸ್ಟ್ರೇಷನ್’ ಅನ್ನು ಟ್ರೂ ಮಾಡಿ. ಮೂರನೆಯದು, ಸ್ಥಾಪನೆ ಮುಗಿಯುವವರೆಗೆ ಸಂರಚನೆಯ ಫೋಲ್ಡರಿಗೆ ಗಿಟ್ ಬಳಕೆದಾರ ಬರೆಯುವಂತಿರಬೇಕು. ಮುಗಿದ ಮೇಲೆ ಫೋಲ್ಡರಿಗೆ 750, ಒಳಗಿನ ಆ್ಯಪ್.ಐಎನ್‌ಐ ಫೈಲಿಗೆ 640 ಅನುಮತಿ. ಮೊದಲ ಭಾಗ ಬಿಟ್ಟವರಿಗೆ ಸ್ಥಾಪನೆಯ ಪುಟವೇ ದೋಷ ಕೊಡುತ್ತದೆ. ಎರಡನೆಯ ಭಾಗ ಬಿಟ್ಟವರಿಗೆ ಏನೂ ಕಾಣುವುದಿಲ್ಲ, ಕೆಟ್ಟದ್ದು ಅದೇ. ‘ಆಫ್‌ಲೈನ್ ಮೋಡ್’ ಟ್ರೂ ಇದೆಯೇ ಎಂದೂ ನೋಡಿಕೊಳ್ಳಿ, ಇಲ್ಲವಾದರೆ ಬಳಕೆದಾರರ ಚಿತ್ರಕ್ಕೂ ಹೊರಗಿನ ನೆಟ್ ಹುಡುಕುತ್ತ ನಿಲ್ಲುತ್ತದೆ.

ಹೊರಗಿನ ಕೋಡ್ ಲೈಬ್ರರಿಗಳ ಪ್ರತಿಯನ್ನು ಒಳಗೇ ಇಟ್ಟುಕೊಳ್ಳುವ ಪುಲ್ ಮಿರರ್ ಇದರ ಒಳ್ಳೆಯ ಗುಣಗಳಲ್ಲೊಂದು. ವಿಳಾಸ ಕೊಟ್ಟು ‘ಮಿರರ್’ ಗುರುತು ಹಾಕಿದರೆ ಎಂಟು ಗಂಟೆಗೊಮ್ಮೆ ತಾನೇ ಹೋಗಿ ಹೊಸದನ್ನು ತರುತ್ತದೆ. ಕನಿಷ್ಠ ಅಂತರ ಹತ್ತು ನಿಮಿಷ. ಆದರೆ ಮೊದಲ ಸಲ ತರುವಾಗ ಹಲವರು ಸೋಲುತ್ತಾರೆ, ತಪ್ಪು ತಮ್ಮ ನೆಟ್‌ನದು ಅಂದುಕೊಳ್ಳುತ್ತಾರೆ. ಮೈಗ್ರೇಷನ್‌ಗೆ, ಅಂದರೆ ಹೀಗೆ ಹೊರಗಿನಿಂದ ಮೊದಲ ಸಲ ತರುವುದಕ್ಕೆ, ಫೊರ್ಜೇಯೊ ಇಟ್ಟುಕೊಂಡ ಗಡುವು 600 ಸೆಕೆಂಡ್. ಮೊಬೈಲ್ ಹಾಟ್‌ಸ್ಪಾಟಿನ 2 ಎಂಬಿಪಿಎಸ್ ವೇಗದಲ್ಲಿ ಹತ್ತು ನಿಮಿಷಕ್ಕೆ ಬರುವುದು 150 ಎಂಬಿ ಮಾತ್ರ. ರೆಪೊ (ಒಂದು ಪ್ರಾಜೆಕ್ಟಿನ ಪೂರ್ತಿ ಗಿಟ್ ಸಂಗ್ರಹ) ಅದಕ್ಕಿಂತ ದೊಡ್ಡದಾದರೆ ಪ್ರತಿ ಸಲವೂ ಅಲ್ಲೇ ಕಡಿಯುತ್ತದೆ. ಗಿಟ್‌ಗೆ ಅರ್ಧಕ್ಕೆ ನಿಂತ ಕ್ಲೋನ್ ಮುಂದುವರಿಸಲು ಬರುವುದಿಲ್ಲವಾದ್ದರಿಂದ ಮತ್ತೆ ಸೊನ್ನೆಯಿಂದ. ‘ಗಿಟ್.ಟೈಮೌಟ್’ ವಿಭಾಗದಲ್ಲಿ ‘ಮೈಗ್ರೇಟ್’ ಅನ್ನು 7200ಕ್ಕೆ, ‘ಮಿರರ್’ ಅನ್ನು 1800ಕ್ಕೆ ಏರಿಸಿ. ಅಲ್ಲೇ ‘ಜಿಸಿ’ಗೆ (ರೆಪೊದ ಕಸ ಗುಡಿಸುವ ಕೆಲಸ) ಇರುವ 60 ಸೆಕೆಂಡ್ ಕೂಡ ಪೈನಂಥ ಯಂತ್ರಕ್ಕೆ ತೀರಾ ಕಡಿಮೆ, 900 ಇರಲಿ.

ಇನ್ನೂ ದೊಡ್ಡ ರೆಪೊ ಆದರೆ ಬಸ್ಸನ್ನು ನಂಬಿ. ಬೆಂಗಳೂರಿನಲ್ಲಿ ಒಳ್ಳೆಯ ನೆಟ್ ಇರುವವರು ‘ಗಿಟ್ ಕ್ಲೋನ್ --ಮಿರರ್’ ಮಾಡಿ, ‘ಗಿಟ್ ಬಂಡಲ್ ಕ್ರಿಯೇಟ್’ ಜೊತೆ ‘--ಆಲ್’ ಕೊಟ್ಟು ಎಲ್ಲವನ್ನೂ ಒಂದೇ ಫೈಲಿಗೆ ಕಟ್ಟಿ ಪೆನ್‌ಡ್ರೈವ್‌ಗೆ ಹಾಕಲಿ. ಪೆನ್‌ಡ್ರೈವ್ ಎಫ್‌ಎಟಿ 32 ಆದರೆ 4 ಜಿಬಿ ಮೀರಿದ ಫೈಲು ಕೂರುವುದಿಲ್ಲ, ಎಕ್ಸ್‌ಎಫ್‌ಎಟಿ ಮಾಡಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ‘ಗಿಟ್ ಬಂಡಲ್ ವೆರಿಫೈ’ ಮಾಡಿ, ಆ ಫೈಲನ್ನೇ ವಿಳಾಸದಂತೆ ಕೊಟ್ಟು ಕ್ಲೋನ್ ಮಾಡಿ, ಫೊರ್ಜೇಯೊದ ಖಾಲಿ ರೆಪೊಗೆ ಪುಷ್ ಮಾಡಿದರೆ ಆಯಿತು. ಹಾಸನದ ಮೇಲೆ ಬರುವ ಬಸ್ಸಿನಲ್ಲಿ ಐದಾರು ಗಂಟೆಗೆ 64 ಜಿಬಿ ಅಂದರೆ ಕಡಿಮೆ ವೇಗವೇನಲ್ಲ.

ಪುಲ್ ಮಿರರ್‌ಗೆ ನೀವು ಪುಷ್ ಮಾಡಲಾಗದು. ಸ್ವಂತ ಕೋಡಿಗೆ ಉಲ್ಟಾ ಮಾಡಿ: ಮೂಲ ಇಲ್ಲಿ, ಹೊರಗಿನ ತಾಣಕ್ಕೆ ಪುಷ್ ಮಿರರ್. ‘ಪ್ರತಿ ಕಮಿಟ್‌ಗೂ ಸಿಂಕ್’ (ಕಮಿಟ್ ಅಂದರೆ ದಾಖಲಾದ ಒಂದು ಬದಲಾವಣೆ) ಗುರುತು ಹಾಕಿದರೆ ನೆಟ್ ಇದ್ದಾಗ ಕೂಡಲೇ ಹೋಗುತ್ತದೆ, ಇಲ್ಲದಾಗ ಮುಂದಿನ ಸರದಿಗೆ ಕಾಯುತ್ತದೆ. ಹೊರಗೆ ಗಿಟ್‌ಹಬ್ ಇದ್ದು, ರೆಪೊದಲ್ಲಿ ಅದರ ವರ್ಕ್‌ಫ್ಲೋ (ಸ್ವಯಂಚಾಲಿತ ಕೆಲಸ) ಫೈಲುಗಳಿದ್ದರೆ ಪಾಸ್‌ವರ್ಡ್ ಬದಲು ಕೊಡುವ ಟೋಕನ್‌ಗೆ ‘ವರ್ಕ್‌ಫ್ಲೋ’ ಅನುಮತಿಯೂ ಬೇಕು. ಇಲ್ಲದಿದ್ದರೆ ಆ ಫೈಲು ಬದಲಾದ ದಿನ ಪುಷ್ ತಿರಸ್ಕೃತವಾಗುತ್ತದೆ. ಪುಷ್ ಮಿರರ್ ಒತ್ತಾಯದ ಪುಷ್ ಮಾಡುತ್ತದೆ. ಹೊರಗೆ ಯಾರಾದರೂ ನೇರ ಕಮಿಟ್ ಮಾಡಿದ್ದರೆ ಅಳಿಸಿಹೋಗುತ್ತದೆ, ಇಲ್ಲಿ ಬ್ರಾಂಚ್ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಮಿರರ್ ಅಂದರೆ ಕನ್ನಡಿ. ಮುಖ ಕೆಟ್ಟರೆ ಕನ್ನಡಿಯಲ್ಲೂ ಕೆಟ್ಟದ್ದೇ, ಅದನ್ನು ಬ್ಯಾಕಪ್ ಅಂದುಕೊಳ್ಳಬೇಡಿ.

ಈಗ ಮಲೆನಾಡಿನವರು ಗಮನ ಕೊಟ್ಟು ಓದಬೇಕಾದ ಭಾಗ: ಕರೆಂಟು ತಟ್ಟನೆ ಹೋದಾಗ ಗಿಟ್‌ಗೆ ಏನಾಗುತ್ತದೆ. ಪುಷ್‌ನಲ್ಲಿ ನೂರಕ್ಕಿಂತ ಕಡಿಮೆ ಆಬ್ಜೆಕ್ಟ್‌ಗಳಿದ್ದರೆ (ಫೈಲು, ಫೋಲ್ಡರು, ಕಮಿಟ್‌ಗಳನ್ನು ಗಿಟ್ ಇಡುವ ತುಣುಕುಗಳು) ಸರ್ವರ್ ಅವನ್ನು ಬಿಡಿ ಬಿಡಿ ಫೈಲುಗಳಾಗಿ ಹರಡಿ ಇಡುತ್ತದೆ. ನೂರು ದಾಟಿದರೆ ಮಾತ್ರ ಪ್ಯಾಕ್ ಫೈಲಾಗಿ ಉಳಿಸುತ್ತದೆ. ದಿನನಿತ್ಯದ ಪುಷ್ ಎಲ್ಲವೂ ಮೊದಲ ಜಾತಿಯದೇ. ಗಿಟ್‌ನ ಡೀಫಾಲ್ಟ್‌ನಲ್ಲಿ ಪ್ಯಾಕ್ ಫೈಲನ್ನು ಡಿಸ್ಕಿಗೆ ಖಾತ್ರಿಯಾಗಿ ಇಳಿಸುತ್ತಾರೆ, ಬಿಡಿ ಆಬ್ಜೆಕ್ಟ್‌ಗಳನ್ನು ಇಳಿಸುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಪುರುಸೊತ್ತು ಸಿಕ್ಕಾಗ ಬರೆಯಲಿ ಎಂದು ಬಿಡುತ್ತಾರೆ. ಆ ಕೆಲವು ಸೆಕೆಂಡುಗಳಲ್ಲಿ ಕರೆಂಟು ಹೋದರೆ ಫೈಲಿನ ಹೆಸರು ಇರುತ್ತದೆ, ಒಳಗೆ ಸೊನ್ನೆ ಬೈಟು. ಮರುದಿನ ‘ಆಬ್ಜೆಕ್ಟ್ ಫೈಲ್ ಈಸ್ ಎಂಪ್ಟಿ’ ಎಂಬ ದೋಷ.

ತಡೆಯಲು ಒಂದೇ ಸಾಲು: ಆ್ಯಪ್.ಐಎನ್‌ಐನ ‘ಗಿಟ್.ಕಾನ್ಫಿಗ್’ ವಿಭಾಗದಲ್ಲಿ ‘ಕೋರ್.ಎಫ್‌ಸಿಂಕ್ = ಆಲ್’. ಪುಷ್ ಒಂಚೂರು ನಿಧಾನವಾಗುತ್ತದೆ, ಎಸ್‌ಎಸ್‌ಡಿ ಇದ್ದರೆ ಗೊತ್ತೇ ಆಗದು. ಈ ಸೌಲಭ್ಯ ಬಂದದ್ದು 2022ರ ಗಿಟ್ 2.36ರಲ್ಲಿ. ಡೆಬಿಯನ್ 12ರಲ್ಲಿ 2.39 ಇದೆ, ಸರಿ, ಉಬುಂಟು 22.04ರಲ್ಲಿರುವುದು 2.34, ಅದಕ್ಕೆ ಹಳೆಯ ‘ಕೋರ್.ಎಫ್‌ಸಿಂಕ್‌ಆಬ್ಜೆಕ್ಟ್‌ಫೈಲ್ಸ್ = ಟ್ರೂ’ ಬಳಸಬೇಕು.

ಈಗಾಗಲೇ ಕೆಟ್ಟಿದ್ದರೆ ಗಾಬರಿ ಬೇಡ. ಆ ಕಮಿಟ್ ಪುಷ್ ಮಾಡಿದವರ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಇದೆ. ಸೇವೆ ನಿಲ್ಲಿಸಿ, ರೆಪೊದ ಫೋಲ್ಡರನ್ನು ಇನ್ನೊಂದು ಕಡೆ ನಕಲು ಮಾಡಿ. ಆಬ್ಜೆಕ್ಟ್ಸ್ ಫೋಲ್ಡರಿನಲ್ಲಿ ಖಾಲಿ ಫೈಲುಗಳನ್ನು ಹುಡುಕಿ ಅಳಿಸಿ. ಆ ಲ್ಯಾಪ್‌ಟಾಪಿನ ಕ್ಲೋನನ್ನು ಸರ್ವರ್‌ಗೆ ತಂದು, ಅದರ ಡಾಟ್ ಗಿಟ್ ಒಳಗಿನ ಆಬ್ಜೆಕ್ಟ್ಸ್ ಫೋಲ್ಡರಿನ ದಾರಿಯನ್ನು ಕೆಟ್ಟ ರೆಪೊದ ‘ಆಬ್ಜೆಕ್ಟ್ಸ್/ಇನ್ಫೊ/ಆಲ್ಟರ್ನೇಟ್ಸ್’ ಫೈಲಿನಲ್ಲಿ ಬರೆಯಿರಿ. ಆಮೇಲೆ ‘ಗಿಟ್ ರಿಪ್ಯಾಕ್ -ಎ -ಡಿ’: ಕಾಣೆಯಾದವನ್ನು ಅಲ್ಲಿಂದ ಎರವಲು ತಂದು ಹೊಸ ಪ್ಯಾಕಿನಲ್ಲಿ ಸೇರಿಸುತ್ತದೆ. ಆಲ್ಟರ್ನೇಟ್ಸ್ ಫೈಲ್ ತೆಗೆದು ‘ಗಿಟ್ ಎಫ್‌ಎಸ್‌ಸಿಕೆ --ಫುಲ್’ ಓಡಿಸಿ ನೋಡಿ. ಇದನ್ನೆಲ್ಲ ಗಿಟ್ ಬಳಕೆದಾರನಾಗಿಯೇ ಮಾಡಬೇಕು. ರೂಟ್ ಆಗಿ ಮಾಡಿದರೆ ಒಡೆತನದ ದೋಷ ಬರುತ್ತದೆ, ಇಲ್ಲವೇ ಫೈಲುಗಳು ರೂಟ್ ಪಾಲಾಗಿ ಮುಂದಿನ ಪುಷ್ ನಿಲ್ಲುತ್ತದೆ.

ಮೆಚ್ಚಲಾಗದ್ದು ಎರಡು. ಒಂದು, ಸ್ವಯಂಚಾಲಿತ ಪರೀಕ್ಷೆಗಳ ‘ಆ್ಯಕ್ಷನ್ಸ್’. ಗಿಟ್‌ಹಬ್ಬಿನದ್ದರಂತೆಯೇ ಬರೆಯಬಹುದು, ಪೂರ್ತಿ ಹೊಂದಿಕೆ ಇಲ್ಲ. ತೊಂದರೆ ಅದಲ್ಲ: ‘ಚೆಕೌಟ್’ನಂಥ ಸಾದಾ ಹೆಜ್ಜೆಯನ್ನೂ ಪ್ರತಿ ಸಲ ಫೊರ್ಜೇಯೊದವರ ಸರ್ವರಿನಿಂದ ತರಲು ಹೋಗುತ್ತದೆ. ನೆಟ್ ಇಲ್ಲದ ದಿನ ಕೋಡ್ ಪುಷ್ ಆಗುತ್ತದೆ, ಪರೀಕ್ಷೆ ಮಾತ್ರ ಕೆಂಪು. ಬೇಕಾದ ಆ್ಯಕ್ಷನ್‌ಗಳನ್ನು ಪುಲ್ ಮಿರರ್ ಮಾಡಿಕೊಂಡು ‘ಡೀಫಾಲ್ಟ್ ಆ್ಯಕ್ಷನ್ಸ್ ಯುಆರ್‌ಎಲ್’ಗೆ ನಿಮ್ಮದೇ ಸರ್ವರ್ ವಿಳಾಸ ಕೊಡಿ, ಪರೀಕ್ಷೆ ಓಡಿಸುವ ತಂತ್ರಾಂಶವಾದ ರನ್ನರ್‌ನಲ್ಲಿ ‘ಫೋರ್ಸ್ ಪುಲ್’ (ಇದು ಸಣ್ಣಕ್ಷರ) ಫಾಲ್ಸ್ ಇರಲಿ, ಇಲ್ಲದಿದ್ದರೆ ಡಾಕರ್ ಇಮೇಜಿಗೂ ನೆಟ್ ಹುಡುಕುತ್ತದೆ. ರನ್ನರನ್ನು ಅದೇ ಪೈ ಮೇಲೆ ಓಡಿಸಬೇಡಿ. ಒಂದು ಬಿಲ್ಡ್ ಇಡೀ ರ್‍ಯಾಮ್ ನುಂಗಬಹುದು, ಜೊತೆಗೆ ಯಾರೋ ಬರೆದ ಸ್ಕ್ರಿಪ್ಟ್ ಓಡುವ ಜಾಗ ನಿಮ್ಮ ಎಲ್ಲ ಕೋಡ್ ಇರುವ ಯಂತ್ರವೇ ಆಗುತ್ತದೆ.

ಎರಡು, ಪ್ಯಾಕೇಜ್ ರಿಜಿಸ್ಟ್ರಿ. ಎನ್‌ಪಿಎಂ, ಪೈಪಿಐ, ಮೇವನ್ ಎಲ್ಲ ಇದೆ ಎಂದು ಪಟ್ಟಿ ನೋಡಿ ಹಿಗ್ಗುವವರು ಗಮನಿಸಬೇಕು: ನೀವು ಮಾಡಿದ ಪ್ಯಾಕೇಜ್ ಇಡಲು ಅದು ಜಾಗ, ಹೊರಗಿನವನ್ನು ತಂದು ಕೂಡಿಡುವ ಕಣಜ ಅಲ್ಲ. ಹತ್ತು ಜನ ಒಂದೇ ಪ್ಯಾಕೇಜನ್ನು ಹತ್ತು ಸಲ ಇಳಿಸುವುದು ನಿಲ್ಲಬೇಕಾದರೆ ಎನ್‌ಪಿಎಂಗೆ ವೆರ್ಡಾಚಿಯೊ (ಪೋರ್ಟ್ 4873), ಪೈಥಾನ್‌ಗೆ ಡೆವ್‌ಪಿಐ, ಡೆಬಿಯನ್-ಉಬುಂಟುಗೆ ಆಪ್ಟ್-ಕ್ಯಾಷರ್-ಎನ್‌ಜಿ (ಪೋರ್ಟ್ 3142) ಬೇರೆಯಾಗಿ ಹಾಕಬೇಕು. ಮೂರೂ ಅದೇ ಪೈ ಮೇಲೆ ಓಡುತ್ತವೆ. ಕಾಲೇಜಿನ ಲ್ಯಾಬಿನವರು ಫೊರ್ಜೇಯೊಗಿಂತ ಮೊದಲು ಇವನ್ನೇ ಹಾಕಿಕೊಂಡರೂ ತಪ್ಪಿಲ್ಲ.

ಮನೆಯಿಂದ ಕಚೇರಿಯ ಸರ್ವರ್ ಮುಟ್ಟಲು ರೂಟರ್‌ನಲ್ಲಿ ಪೋರ್ಟ್ ತೆರೆದು ಕಾಯುವ ಮುನ್ನ ಅದರ ಹೊರ ಐಪಿ ನೋಡಿ. 100.64ರಿಂದ 100.127ರ ನಡುವೆ ಇದ್ದರೆ ನೀವು ಹಲವರ ಜೊತೆ ಒಂದೇ ವಿಳಾಸ ಹಂಚಿಕೊಂಡಿದ್ದೀರಿ, ಪೋರ್ಟ್ ತೆರೆದು ಪ್ರಯೋಜನವಿಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗಕ್ಕೆ ಹೊರಗೊಂದು ಸಣ್ಣ ಬಾಡಿಗೆ ಸರ್ವರ್ ಬೇಕಾಗುತ್ತದೆ.

ಕನ್ನಡದ ಬಗ್ಗೆ. ಇಶ್ಯೂ, ವಿಕಿ, ಕಮಿಟ್ ಸಂದೇಶ ಎಲ್ಲ ಕನ್ನಡದಲ್ಲಿ ಸಲೀಸು. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಟರ್ಮಿನಲ್ಲಿನ ‘ಗಿಟ್ ಸ್ಟೇಟಸ್’ ಒಂದೊಂದು ಅಕ್ಷರಕ್ಕೂ \340\262 ಎಂದು ಶುರುವಾಗುವ ಅಂಕಿಗಳ ಸಾಲು ತೋರಿಸುತ್ತದೆ. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಮಾಡಿದರೆ ‘ಕ’ ಎಂಬುದು ‘ಕ’ ಆಗಿಯೇ ಕಾಣುತ್ತದೆ. ಫೊರ್ಜೇಯೊದ ಪುಟದಲ್ಲಿ ಇನ್ನೊಂದು ಕಿರಿಕಿರಿ: ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಫ್ಟ್’ ಆದ ಮೇಲೆ ಬರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ. ಅದನ್ನು ಕಂಡರೆ ‘ಈ ಫೈಲಿನಲ್ಲಿ ಅದೃಶ್ಯ ಅಕ್ಷರಗಳಿವೆ’ ಎಂದು ಕಳ್ಳನನ್ನು ಕಂಡಂತೆ ಎಚ್ಚರಿಸುತ್ತದೆ. ಕೋಡಿನಲ್ಲಿ ಮೋಸ ಅಡಗಿಸುವುದನ್ನು ಹಿಡಿಯಲು ಇಟ್ಟ ಕಾವಲು ಅದು, ಕನ್ನಡ ಅನುವಾದದ ಫೈಲುಗಳಿಗೆ ಬರೀ ಗದ್ದಲ. ‘ಯುಐ’ ವಿಭಾಗದಲ್ಲಿ ‘ಆ್ಯಂಬಿಗ್ಯುಯಸ್ ಯುನಿಕೋಡ್ ಡಿಟೆಕ್ಷನ್’ ಫಾಲ್ಸ್ ಮಾಡಬಹುದು, ಆದರೆ ಕಾವಲು ಇಡೀ ಸರ್ವರಿಗೆ ಹೋಗುತ್ತದೆ. ಹೊರಗಿನವರ ಪುಲ್ ರಿಕ್ವೆಸ್ಟ್ ತೆಗೆದುಕೊಳ್ಳುವವರು ಗದ್ದಲ ಸಹಿಸಿಕೊಳ್ಳುವುದೇ ಮೇಲು.

ಬ್ಯಾಕಪ್‌ಗೆ ‘ಫೊರ್ಜೇಯೊ ಡಂಪ್’ ಇದೆ, ಎಲ್ಲವನ್ನೂ ಜಿಪ್ ಮಾಡಿ ಕೊಡುತ್ತದೆ. ಅದನ್ನು ಮರಳಿ ಕೂರಿಸುವ ಆಜ್ಞೆ ಇಲ್ಲ, ಕೈಯಾರೆ ಬಿಚ್ಚಿ ಜೋಡಿಸಬೇಕು. ಅದಕ್ಕಿಂತ ರಾತ್ರಿ ಸೇವೆ ನಿಲ್ಲಿಸಿ ಡೇಟಾ ಫೋಲ್ಡರನ್ನೂ ಸಂರಚನೆಯ ಫೋಲ್ಡರನ್ನೂ ಆರ್‌ಸಿಂಕ್‌ನಿಂದ ಇನ್ನೊಂದು ಡಿಸ್ಕಿಗೆ ನಕಲಿಸಿ, ಸೇವೆ ಮತ್ತೆ ಏಳಿಸುವುದು ಸರಳ. ಆ್ಯಪ್.ಐಎನ್‌ಐ ಬಿಟ್ಟುಹೋಗಬಾರದು: ಅದರೊಳಗಿನ ‘ಸೀಕ್ರೆಟ್ ಕೀ’ ಇಲ್ಲದಿದ್ದರೆ ಎರಡು ಹಂತದ ಲಾಗಿನ್‌ನ ಗುಟ್ಟು ಓದಲಾಗದೆ ಸಾಯುತ್ತದೆ. ಹೊಸ ಯಂತ್ರದಲ್ಲಿ ಕೂರಿಸಿದ ಮೇಲೆ ಬೈನರಿಯ ದಾರಿ ಬದಲಾಗಿದ್ದರೆ ‘ಫೊರ್ಜೇಯೊ ಅಡ್ಮಿನ್ ರೀಜನರೇಟ್ ಹುಕ್ಸ್’, ಆಮೇಲೆ ‘ರೀಜನರೇಟ್ ಕೀಸ್’ ಓಡಿಸಿ. ಮರೆತರೆ ಪುಟವೆಲ್ಲ ಸರಿಯಾಗಿ ಕಾಣುತ್ತದೆ, ಪುಷ್ ಮಾತ್ರ ಆಗುವುದಿಲ್ಲ. ಏಕೆಂದರೆ ಪುಷ್ ಬಂದಾಗ ಓಡುವ ಪುಟ್ಟ ಸ್ಕ್ರಿಪ್ಟ್‌ಗಳಾದ ಹುಕ್ಕುಗಳಲ್ಲೂ ಎಸ್‌ಎಸ್‌ಎಚ್ ಕೀ ಪಟ್ಟಿಯಲ್ಲೂ ಹಳೆಯ ಯಂತ್ರದ ಪೂರ್ಣ ದಾರಿ ಬರೆದಿರುತ್ತದೆ. ಪೂರ್ವಾಭ್ಯಾಸವನ್ನು ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಯಾವುದಾದರೂ ಹಳೆ ಲ್ಯಾಪ್‌ಟಾಪಿನ ಮೇಲೆ ಮಾಡಿ ನೋಡಿ.

ಆವೃತ್ತಿ ಆರಿಸುವಾಗ ಮೂರು ತಿಂಗಳಿಗೊಮ್ಮೆ ಬರುವ ಹೊಸತರ ಹಿಂದೆ ಓಡಬೇಡಿ. 2024ರ ಏಪ್ರಿಲ್‌ನ 7.0, 2025ರ ಏಪ್ರಿಲ್‌ನ 11.0ರಂತೆ ದೀರ್ಘ ಬೆಂಬಲದವು ಒಂದೂಕಾಲು ವರ್ಷ ನಡೆಯುತ್ತವೆ, ಸಣ್ಣ ಕಚೇರಿಗೆ ಅಂಥವುಗಳಲ್ಲಿ ಬೆಂಬಲದ ಅವಧಿ ಇನ್ನೂ ಮುಗಿಯದ್ದೇ ಸರಿ. ಈಗಾಗಲೇ ಗಿಟೀ ಓಡಿಸುತ್ತಿರುವವರು ಮಾತ್ರ ಆವೃತ್ತಿ ಸಂಖ್ಯೆ ನೋಡಿಕೊಳ್ಳಬೇಕು. 1.22 ಅಥವಾ ಹಿಂದಿನದಾದರೆ ಬೈನರಿ ಬದಲಿಸಿ ಫೊರ್ಜೇಯೊ 10ಕ್ಕೆ ಹೋಗಿ, ಅಲ್ಲಿಂದ ಮುಂದಕ್ಕೆ ಏರಬಹುದು. 1.23ಕ್ಕೆ ಏರಿಸಿಬಿಟ್ಟಿದ್ದರೆ ಆ ಬಾಗಿಲು ಮುಚ್ಚಿದೆ: ಹೊಸ ಫೊರ್ಜೇಯೊ ಹಾಕಿ, ಮೈಗ್ರೇಷನ್ ಪುಟದಲ್ಲಿ ಮೂಲ ‘ಗಿಟೀ’ ಎಂದು ಆರಿಸಿ, ಟೋಕನ್ ಕೊಟ್ಟು ರೆಪೊಗಳನ್ನು ಒಂದೊಂದಾಗಿ ತರಬೇಕು. ಟೋಕನ್ ಕೊಟ್ಟರೆ ಇಶ್ಯೂ, ಪುಲ್ ರಿಕ್ವೆಸ್ಟ್ ಜೊತೆಗೆ ಬರುತ್ತವೆ. ಬಳಕೆದಾರರ ಖಾತೆ, ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀ ಬರುವುದಿಲ್ಲ, ಅವನ್ನು ಹೊಸದಾಗಿ ಸೇರಿಸಿಕೊಳ್ಳಬೇಕು.